ಬಿಳಿ ಉಳಿಸುವ ಪಾಠ, ಬಿಳಿ ಹಚ್ಚುವ ಪಾಠ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ದೀಪ ಹಿಡಿದ ಆ ಹೆಣ್ಣುಮಗಳ ಮುಂದೆ ಒಂದು ಗಳಿಗೆ ನಿಲ್ಲದೆ ಬಂದಿರಲಾರರು. ಕುಡಿಗೆ ಅಡ್ಡ ಹಿಡಿದ ಅಂಗೈ, ಬೆರಳ ಸಂದಿಯಲ್ಲಿ ಕೆಂಪಗೆ ಸೋಸಿ ಬರುವ ಬೆಳಕು. ರಾಜಾ ರವಿವರ್ಮರ ತೈಲಚಿತ್ರವೆಂದೇ ಹಲವರು ತಿಳಿದಿದ್ದಾರೆ. ಎರಡೂ ತಪ್ಪು. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, ರೂಪದರ್ಶಿ ಅವರ ಮಗಳು ಗೀತಾ, ಮಾಧ್ಯಮ ಜಲವರ್ಣ. ಹಳದಣಕರ್ ಮೇಷ್ಟ್ರೂ ಹೌದು. 1908ರಲ್ಲೇ ಮುಂಬೈಯಲ್ಲಿ ತಮ್ಮದೇ ಚಿತ್ರಕಲಾ ಶಾಲೆ ತೆರೆದವರು.

ನೀರಿನ ಬಣ್ಣದಲ್ಲಿ ಇಂಥ ಬೆಳಕು ತರುವುದು ಎಷ್ಟು ಕಷ್ಟವೆಂದು ಚಿತ್ರಕಲಾ ತರಗತಿಗೆ ಸೇರಿದ ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ. ಜಲವರ್ಣದಲ್ಲಿ ಹಾಳೆಯೇ ಬಿಳಿ ಬಣ್ಣ. ತೆಳುವಿನಿಂದ ಗಾಢಕ್ಕೆ ಹೋಗಬೇಕು; ಒಮ್ಮೆ ಮುಚ್ಚಿದ ಬಿಳಿ ಪೂರ್ತಿಯಾಗಿ ಮರಳಿ ಬಾರದು. ಹಾಗಾಗಿ ಎಲ್ಲಿ ಬಣ್ಣ ಹಚ್ಚಬಾರದು ಎಂಬುದರಿಂದಲೇ ಒಳ್ಳೆಯ ಮೇಷ್ಟ್ರು ಶುರುಮಾಡುತ್ತಾರೆ.

ಮೊದಲ ಅಭ್ಯಾಸ ವಾಶ್, ಅಂದರೆ ತೆಳು ಬಣ್ಣವನ್ನು ಹಾಳೆಯ ಮೇಲೆ ಸಮನಾಗಿ ಹರಡುವುದು. 300 ಜಿಎಸ್‌ಎಂ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಬೋರ್ಡನ್ನು ತುಸು ಓರೆಯಾಗಿಟ್ಟು, ಬಣ್ಣ ತುಂಬಿದ ಬ್ರಶ್‌ನಿಂದ ಎಡದಿಂದ ಬಲಕ್ಕೆ ಒಂದು ಪಟ್ಟೆ ಎಳೆಯಬೇಕು. ಪಟ್ಟೆಯ ಕೆಳ ಅಂಚಿನಲ್ಲಿ ಬಣ್ಣದ ನೀರು ಉಬ್ಬಿ ನಿಲ್ಲುತ್ತದೆ. ಅದು ಆರುವ ಮುನ್ನ ಮುಂದಿನ ಪಟ್ಟೆ ಅದನ್ನು ಎಳೆದುಕೊಂಡು ಕೆಳಗಿಳಿಯಬೇಕು. ಅರೆ ಆರಿದ ಕಡೆ ಒಂದು ಹನಿ ಬಿದ್ದರೂ ಹೂಕೋಸಿನಂಥ ಕಲೆ ಅರಳಿಬಿಡುತ್ತದೆ. ಹಾಳೆಯ ಮೇಲಿನ ಹೊಳಪು ಕುಂದುವ ಆ ಕ್ಷಣ ಯಾವ ಪುಸ್ತಕದಿಂದಲೂ ತಿಳಿಯದು, ಪಕ್ಕದಲ್ಲಿ ಪಳಗಿದ ಕಣ್ಣಿರಬೇಕು. ಮಂಗಳೂರಿನ ಮಳೆಗಾಲದಲ್ಲಿ ಹೊಳಪು ಕುಂದುವುದೇ ಇಲ್ಲವೇನೋ ಅನ್ನಿಸುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬ್ರಶ್ ಬಲಬದಿ ಮುಟ್ಟುವಷ್ಟರಲ್ಲಿ ಎಡಬದಿ ಒಣಗಿರುತ್ತದೆ.

ತೈಲವರ್ಣದಲ್ಲಿ ಲೆಕ್ಕ ತಿರುಗುಮುರುಗು. ಸಾಮಾನ್ಯವಾಗಿ ಗಾಢದಿಂದ ಆರಂಭಿಸಿ, ಬೆಳಕನ್ನು ಕೊನೆಯಲ್ಲಿ ಬಿಳಿ ಬೆರೆಸಿ ಕೂರಿಸುತ್ತಾರೆ. ತಪ್ಪಿದರೆ ನೈಫಿನಿಂದ ಕೆರೆದು ಮತ್ತೆ ಬರೆಯಬಹುದು. ಈ ಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳೇ ಬೇಕು. ಕೆಳಪದರದಲ್ಲಿ ಟರ್ಪೆಂಟೈನ್ ಹೆಚ್ಚು, ಮೇಲೆ ಹೋದಂತೆ ಎಣ್ಣೆ ಹೆಚ್ಚು. ಇದು ಅದಲುಬದಲಾದರೆ ಚಿತ್ರ ಮುಂದೆ ಬಿರುಕು ಬಿಡುತ್ತದೆ.

ರವಿವರ್ಮರಿಗೆ ತೈಲವರ್ಣದ ಈ ಪಾಠ ಸುಲಭವಾಗಿ ಸಿಗಲಿಲ್ಲ. 1868ರಲ್ಲಿ ತಿರುವಾಂಕೂರು ಅರಮನೆಗೆ ಬಂದ ಚಿತ್ರಕಾರ ಥಿಯೋಡರ್ ಜೆನ್ಸನ್ ಕಲಿಸಲು ಒಪ್ಪಲಿಲ್ಲ, ತಾನು ಬರೆಯುವುದನ್ನು ನೋಡಲಷ್ಟೇ ಬಿಟ್ಟ ಎಂಬುದು ಅವರ ಜೀವನದ ಪ್ರಸಿದ್ಧ ಪ್ರಸಂಗ. ಆ ನೋಟವೇ ಅವರಿಗೆ ಪಾಠವಾಯಿತು. ಮುಂದೆ ಅವರು ಮೈಸೂರು ಅರಸರಿಗಾಗಿ ಪುರಾಣದ ಚಿತ್ರಗಳನ್ನು ಬರೆದರು. ಜಗನ್ಮೋಹನದಲ್ಲಿ ಅವರ ತೈಲಚಿತ್ರಗಳನ್ನೂ ಹಳದಣಕರರ ಜಲವರ್ಣವನ್ನೂ ಒಂದೇ ದಿನ ನೋಡಬಹುದಾದ್ದು ಕಲಿಯುವವರ ಪುಣ್ಯ.

ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾದಂಥ ಕಲಾ ಕಾಲೇಜುಗಳಲ್ಲಿ ಪದವಿಗೆ ಓದಬಹುದು. ಅಷ್ಟು ವರ್ಷ ಕೊಡಲಾಗದವರಿಗೆ ವಾರಾಂತ್ಯದ ತರಗತಿಗಳಿವೆ. ನಿವೃತ್ತರೂ ಗೃಹಿಣಿಯರೂ ಮಕ್ಕಳ ಪಕ್ಕದಲ್ಲೇ ಕೂತು ಕಲಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಜಲವರ್ಣದಿಂದ ಆರಂಭಿಸಿ. ಖರ್ಚು ಕಡಿಮೆ, ಟರ್ಪೆಂಟೈನ್ ಘಾಟಿಲ್ಲ, ಕೈಗೂ ಶಿಸ್ತು ಬರುತ್ತದೆ. ಆದರೆ ತರಗತಿ ಆರಿಸುವಾಗ ಎಚ್ಚರವಿರಲಿ. ವಿದ್ಯಾರ್ಥಿಯ ಚಿತ್ರವನ್ನು ಮೇಷ್ಟ್ರೇ ತಿದ್ದಿ ಮುಗಿಸಿ ಮನೆಗೆ ಕಳಿಸುವ ತರಗತಿಗಳೂ ಇವೆ. ಅಪ್ಪ ಅಮ್ಮನಿಗೆ ಖುಷಿಯಾಗಬಹುದು, ಮಗುವಿನ ಕೈಗೆ ಮಾತ್ರ ಏನೂ ಬರುವುದಿಲ್ಲ.

ಆದ್ದರಿಂದ ಫೀಸು ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಲು ಅನುಮತಿ ಕೇಳಿ. ಮೇಷ್ಟ್ರು ಬೇರೆ ಹಾಳೆ ತೆಗೆದು, ಎಲ್ಲರೆದುರು ತಾವೇ ಬರೆದು ತೋರಿಸುತ್ತಾರೆಯೇ ಗಮನಿಸಿ. ತೋರಿಸಿದರೆ ಅಲ್ಲೇ ಸೇರಿಕೊಳ್ಳಿ.