ಅಂಕಲಿಯ ಅಶ್ವಗಳು ಮತ್ತು ಸವಾರನ ನಿಶ್ಚಯ

ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣಾನದಿಯ ಆಸುಪಾಸಿನಲ್ಲಿರುವ ಅಂಕಲಿ ಗ್ರಾಮದಿಂದ, ಪ್ರತಿವರ್ಷವೂ ಮುಂಗಾರಿನ ಮೊದಲ ಮೋಡಗಳು ಕಾಣಿಸಿಕೊಳ್ಳುವ ಜ್ಯೇಷ್ಠಮಾಸದಲ್ಲಿ, ಶಿತೋಳೆ ಸರದಾರರ ಮನೆತನಕ್ಕೆ ಸೇರಿದ ಎರಡು ಕುದುರೆಗಳು ಹೊರಟು, ಮಿರಜ, ಸಾತಾರಾ, ಪುಣೆಗಳ ಮಾರ್ಗವಾಗಿ ಸುಮಾರು 300 ಕಿಲೋಮೀಟರುಗಳನ್ನು ಹತ್ತು ಹನ್ನೊಂದು ದಿನಗಳಲ್ಲಿ ನಡೆದೇ ಕ್ರಮಿಸಿ, ಆಳಂದಿಯನ್ನು ಸೇರುತ್ತವೆ. ಅಲ್ಲಿಂದ ಪಂಢರಪುರಕ್ಕೆ ತೆರಳುವ ಜ್ಞಾನೇಶ್ವರ ಮಹಾರಾಜರ ಪಾಲಕಿಗೆ 1832ರ ಸುಮಾರಿಗೆ ಇಂದಿನ ಸ್ವರೂಪವನ್ನು ಕೊಟ್ಟವರು ಹೈಬತರಾವ್ ಬಾಬಾ ಆರಫಳಕರರು. ಪಾಲಕಿಯ ಮುಂದೆ ನಡೆಯುವ ಅಶ್ವಗಳನ್ನು ಒದಗಿಸುವ ಮಾನವು ಅಂದಿನಿಂದಲೂ ಅಂಕಲಿಗೇ ಸಲ್ಲುತ್ತ ಬಂದಿದೆ. ಎರಡರಲ್ಲಿ ಒಂದು ಸ್ವತಃ ಮಾವುಲಿಯದೆಂದು, ಎಂದರೆ ಜ್ಞಾನೇಶ್ವರರದೆಂದು, ಭಾವಿಸಲ್ಪಡುವ ಕುದುರೆ, ಅದರ ಬೆನ್ನನ್ನು ಯಾರೂ ಏರುವುದಿಲ್ಲ. ಮತ್ತೊಂದರ ಮೇಲೆ ಜರಿಪಟಕೆಯೆಂಬ ಧ್ವಜವನ್ನು ಹಿಡಿದ ಸವಾರನಿರುತ್ತಾನೆ.

ಈ ಸವಾರನು ಮಾಡಬೇಕಾದ ಕೆಲಸವನ್ನು ಒಮ್ಮೆ ಯೋಚಿಸಿ ನೋಡಬೇಕು. ಪಾಲಕಿಯ ದಾರಿಯಲ್ಲಿರುವ ಪುರಂದಾವಡೆಯ ಬಯಲಿನಲ್ಲಿ, ಆಮೇಲೆ ವಾಖರಿಯ ಬಳಿಯಲ್ಲಿ, ಪಂಢರಪುರದ ಯಾತ್ರಿಕರಾದ ವಾರಕರಿಗಳು ಪತಾಕೆಗಳನ್ನು ಹಿಡಿದು ವರ್ತುಲಾಕಾರವಾಗಿ ನಿಲ್ಲುತ್ತಾರೆ. ತಾಳ ಮೃದಂಗಗಳ ಘೋಷವು ದಿಕ್ಕುಗಳನ್ನು ತುಂಬುತ್ತದೆ. ಕಣ್ಣು ಹಾಯಿಸಿದಷ್ಟು ದೂರವೂ ಜನ. ಆ ಜನಸಮುದ್ರದ ನಡುವೆ ಬಿಟ್ಟ ಸುತ್ತಿನಲ್ಲಿ ಸವಾರನ ಕುದುರೆಯು ನಾಗಾಲೋಟದಿಂದ ಧಾವಿಸಬೇಕು, ಬರಿಬೆನ್ನಿನ ಕುದುರೆಯು ಅದನ್ನು ಬೆನ್ನಟ್ಟಬೇಕು. ಇದೇ ರಿಂಗಣ. ಭಕ್ತರು ಇದನ್ನು ಮಾವುಲಿಯ ಲೀಲೆಯೆನ್ನುವರು, ಆ ಭಾವಕ್ಕೆ ಎದುರಾಡುವ ಇಚ್ಛೆ ನನಗಿಲ್ಲ. ಆದರೆ ಸದ್ದಿಗೆ ಬೆದರಿ ಓಡುವುದೇ ಜನ್ಮಸ್ವಭಾವವಾಗಿರುವ ಪ್ರಾಣಿಯೊಂದು ಇಂತಹ ಕೋಲಾಹಲದಲ್ಲಿ ಒಬ್ಬ ಮನುಷ್ಯನ ಇಂಗಿತವನ್ನು ಅನುಸರಿಸುವುದು ಹೇಗೆಂಬ ಪ್ರಶ್ನೆಯನ್ನು ಶರೀರಶಾಸ್ತ್ರವೂ ಮನಶ್ಶಾಸ್ತ್ರವೂ ಕೇಳದೆ ಬಿಡಲಾರವು.

ಈ ಸೀಮೆಗೆ ಕುದುರೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ರಾಜವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ, ಪೇಶ್ವೆಗಳ ಕಾಲದಲ್ಲಿ ನಿಪ್ಪಾಣಿಯ ಅಪ್ಪಾ ದೇಸಾಯಿಯ ಸವಾರರು ಹೆಸರಾಗಿದ್ದರು. ರಾಯಬಾಗ, ಅಥಣಿ, ಕಾಗವಾಡಗಳ ಜಾತ್ರೆಗಳಲ್ಲಿ ಇಂದಿಗೂ ಕುದುರೆಗಾಡಿಯ ಶರ್ಯತ್ತೆಂದರೆ ಊರಿಗೆ ಊರೇ ಹೊಲದ ಬದುವಿನ ಮೇಲೆ ನೆರೆಯುತ್ತದೆ.

ಮೊದಲು ಕೇಳಿದ ಪ್ರಶ್ನೆಗೆ ಮರಳೋಣ. ಕುದುರೆಯ ಕಣ್ಣುಗಳು ತಲೆಯ ಎರಡು ಪಾರ್ಶ್ವಗಳಲ್ಲಿರುವುದರಿಂದ ಅದು ತಲೆಯನ್ನು ತಿರುಗಿಸದೆಯೇ ತನ್ನ ಸುತ್ತಲಿನ ಸುಮಾರು 350 ಡಿಗ್ರಿಗಳಷ್ಟು ಪ್ರದೇಶವನ್ನು ಕಾಣಬಲ್ಲದು; ಹಣೆಯ ನೇರ ಮುಂದೆ ಹಾಗೂ ಬಾಲದ ಹಿಂದೆ ಮಾತ್ರ ಅದಕ್ಕೆ ಕುರುಡು ತಾಣಗಳುಂಟು. ಅದರ ಕಿವಿಗಳು ಒಂದೊಂದೂ ಸ್ವತಂತ್ರವಾಗಿ ತಿರುಗಿ ಶಬ್ದದ ದಿಕ್ಕನ್ನು ಹುಡುಕುತ್ತವೆ. ಮೈಮೇಲೆ ನೊಣವೊಂದು ಕುಳಿತರೆ, ಕುಳಿತ ಜಾಗದ ಚರ್ಮವನ್ನಷ್ಟೇ ಅದುರಿಸಿ ಅದನ್ನು ಹಾರಿಸುವ ಸೂಕ್ಷ್ಮಸ್ಪರ್ಶ ಅದರದು. ಹುಲ್ಲುಗಾವಲಿನಲ್ಲಿ ಮಾಂಸಾಹಾರಿಗಳ ಭಯದಲ್ಲಿ ಬಾಳಿದ ಪೂರ್ವಜರಿಂದ ಬಂದ ಈ ಸಂಪತ್ತೆಲ್ಲವೂ ಅಪಾಯವನ್ನು ಬೇಗನೆ ಅರಿತು ಪಲಾಯನ ಮಾಡುವುದಕ್ಕಾಗಿಯೇ ಇರತಕ್ಕದ್ದು. ನೊಣದ ಭಾರವನ್ನು ಅರಿಯುವ ಬೆನ್ನು ಐವತ್ತು ಅರುವತ್ತು ಕಿಲೋಗ್ರಾಮುಗಳ ಮನುಷ್ಯನ ಬಿಗಿತವನ್ನು, ಅವನು ತಡೆದ ಉಸಿರನ್ನು, ತೊಡೆಯ ನಡುಕವನ್ನು ಅರಿಯದಿರುವುದು ಸಾಧ್ಯವೆ?

ಅರಿಯುತ್ತದೆಂಬುದಕ್ಕೆ ಪ್ರಮಾಣಗಳಿವೆ. ಕಳೆದ ಶತಮಾನದ ಆದಿಯಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಉಪಾಧ್ಯಾಯನ ‘ಹಾನ್ಸ್’ ಎಂಬ ಕುದುರೆಯು ಗಣಿತದ ಪ್ರಶ್ನೆಗಳಿಗೆ ಗೊರಸನ್ನು ಬಡಿದು ಉತ್ತರ ಹೇಳುತ್ತದೆಂದು ಪ್ರಸಿದ್ಧಿಯಾಗಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಪ್ಫುಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ತೋರಿಸಿದ್ದೇನೆಂದರೆ, ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆಯು ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಮೇಲಕ್ಕೇಳುತ್ತಿತ್ತು, ಕುದುರೆಯು ಅದನ್ನು ಕಂಡು ಗೊರಸನ್ನು ನಿಲ್ಲಿಸುತ್ತಿತ್ತು. ರಹಸ್ಯವನ್ನು ಬಲ್ಲ ಪ್ಫುಂಗ್ಸ್ಟ್‌ನಿಗೂ ಆ ಚಲನೆಯನ್ನು ಅಡಗಿಸುವುದು ಕಷ್ಟವಾಯಿತಂತೆ! ಸವಾರಿಗೆ ಇನ್ನೂ ಹತ್ತಿರದ ಪ್ರಯೋಗವು ಸ್ವೀಡನ್ನಿನದು, 2009ರಲ್ಲಿ ಪ್ರಕಟವಾಯಿತು. ಜನರು ಕುದುರೆಯನ್ನು ಹಿಡಿದು ನಡೆಸುತ್ತಲೋ, ಏರಿ ಸಾಗುತ್ತಲೋ ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಬೇಕಾಗಿತ್ತು. ನಾಲ್ಕನೆಯ ಸಲಕ್ಕೆ ಮುಂಚೆ, ಈಗ ಕುದುರೆಯ ಎದುರಿಗೆ ಛತ್ರಿಯೊಂದನ್ನು ಫಕ್ಕನೆ ಬಿಚ್ಚುವೆವೆಂದು ಅವರಿಗೆ ಹೇಳಲಾಯಿತು. ಛತ್ರಿಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಮನುಷ್ಯನ ಎದೆಬಡಿತವು ಏರಿತು, ಮಾತನ್ನು ತಿಳಿಯದ ಕುದುರೆಯದೂ ಏರಿತು.

ಆದಕಾರಣ, ಧೈರ್ಯದ ಮುಖವಾಡವನ್ನು ಧರಿಸಿದರೆ ಸಾಕೆನ್ನುವ ಉಪದೇಶವು ಕುದುರೆಯ ಮುಂದೆ ನಡೆಯುವಂಥದಲ್ಲ. ಭಯಗೊಂಡ ಮನುಷ್ಯನ ದೇಹವು ಏನು ಮಾಡುತ್ತದೆಂಬುದನ್ನು ಗಮನಿಸಿದರೆ ಇದರ ಮರ್ಮ ತಿಳಿಯುತ್ತದೆ. ಬೆನ್ನು ಬಾಗುತ್ತದೆ, ಮೊಣಕಾಲುಗಳು ಕುದುರೆಯ ಪಕ್ಕೆಗಳನ್ನು ಅವುಚುತ್ತವೆ, ಕೈಗಳು ಲಗಾಮನ್ನು ಎದೆಯ ಕಡೆಗೆ ಸೆಳೆಯುತ್ತವೆ. ಬೀಳದಂತೆ ಹಿಡಿದುಕೊಳ್ಳಬೇಕೆಂಬ ಆದಿಮ ಪ್ರವೃತ್ತಿಯೇ ಇದು. ಆದರೆ ಕುದುರೆಯ ಶಿಕ್ಷಣದಲ್ಲಿ ಪಕ್ಕೆಯ ಒತ್ತಡಕ್ಕೆ ‘ಮುಂದೆ ಹೋಗು’ ಎಂಬ ಅರ್ಥ, ಬಾಯಿಯ ಕಡಿವಾಣದ ಒತ್ತಡಕ್ಕೆ ‘ನಿಲ್ಲು’ ಎಂಬ ಅರ್ಥ. ಹೆದರಿದ ಸವಾರನು ಏಕಕಾಲದಲ್ಲಿ ಎರಡನ್ನೂ ಹೇಳುತ್ತಾನೆ. ಕುದುರೆಯು ತಲೆ ಕೊಡವಿದರೆ, ಪಕ್ಕಕ್ಕೆ ಜಿಗಿದರೆ, ಮುಂಗಾಲೆತ್ತಿದರೆ, ನಾವು ಅದನ್ನು ಮೊಂಡು ಜಾತಿಯದೆನ್ನುವೆವು. ಅದಾದರೋ ಬಂದ ಎರಡು ಆಜ್ಞೆಗಳನ್ನೂ ಪಾಲಿಸಲು ಹೆಣಗುತ್ತಿರುತ್ತದೆ.

ಹೀಗೆ ನೋಡಿದರೆ ಸವಾರನ ಆತ್ಮವಿಶ್ವಾಸವೆಂಬುದು ಅವನ ಎದೆಯೊಳಗಣ ಭಾವವಾಗಿರುವುದಕ್ಕಿಂತ ಅವನ ಸಂಜ್ಞೆಗಳ ಸ್ಪಷ್ಟತೆಯಾಗಿಯೇ ಕುದುರೆಗೆ ಗೋಚರಿಸುತ್ತದೆ ಎನ್ನಬೇಕು. ಸಂಜ್ಞೆಯ ಆರಂಭಕ್ಕಿಂತಲೂ ಅದರ ಅಂತ್ಯವು ಮುಖ್ಯವಾದದ್ದು. ಒತ್ತಡವನ್ನು ತಪ್ಪಿಸಿಕೊಳ್ಳಲು ಕುದುರೆಯು ಒಂದು ಹೆಜ್ಜೆ ಇಟ್ಟ ಕ್ಷಣದಲ್ಲಿಯೇ ಒತ್ತಡವು ತೊಲಗಿದರೆ, ತಾನು ಮಾಡಿದ್ದು ಸರಿಯೆಂಬ ಬೋಧೆ ಅದಕ್ಕೆ ಉಂಟಾಗುತ್ತದೆ. ಒಂದೆರಡು ಸೆಕೆಂಡು ತಡವಾದರೂ ಬಹುಮಾನವು ಬೇರೊಂದು ಚಲನೆಗೆ ಸಂದುಹೋಗುತ್ತದೆ. ಒಂದನ್ನು ಕೇಳುವುದು, ದೊರೆತೊಡನೆ ಕೈಬಿಡುವುದು: ನಿರ್ಣಯಶಕ್ತಿಯೆಂದು ಹೊಗಳಲ್ಪಡುವ ಗುಣವು ಸವಾರಿಯಲ್ಲಿ ಇಷ್ಟೇ.

ನಿರ್ಣಯವು ತಡವಾದರೆ ತೆರುವ ಬೆಲೆಯನ್ನು ಲೆಕ್ಕಹಾಕಿಯೂ ನೋಡಬಹುದು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡುವ ಕುದುರೆಯು ಒಂದು ಸೆಕೆಂಡಿಗೆ ಸುಮಾರು 11 ಮೀಟರು ಸಾಗುತ್ತದೆ. ಎಡಕ್ಕೋ ಬಲಕ್ಕೋ ಎಂದು ಸವಾರನು ಅರ್ಧ ಸೆಕೆಂಡು ತೊಳಲಾಡಿದರೆ ಐದೂವರೆ ಮೀಟರುಗಳು ಅನಾಥವಾಗಿ ಕಳೆದುಹೋಗುತ್ತವೆ, ರಿಂಗಣದ ಸುತ್ತಿನಲ್ಲಾದರೆ ಅಷ್ಟರಲ್ಲಿಯೇ ಜನರ ಸಾಲು ಬಂದಿರಬಹುದು. ಆಯ್ಕೆಗಳು ಹೆಚ್ಚಿದಂತೆ ಮನುಷ್ಯನು ಉತ್ತರಿಸಲು ತೆಗೆದುಕೊಳ್ಳುವ ಕಾಲವೂ ಹೆಚ್ಚುತ್ತದೆಂದು 1952ರಲ್ಲಿ ಹಿಕ್ ಎಂಬ ಬ್ರಿಟಿಷ್ ವಿಜ್ಞಾನಿಯು ನಿರೂಪಿಸಿದನು. ಪಳಗಿದ ಸವಾರನು ಶೀಘ್ರವಾಗಿ ನಿರ್ಣಯಿಸುವುದಕ್ಕೆ ಅವನ ಮಿದುಳಿನ ಚುರುಕು ಕಾರಣವೆಂದು ತಿಳಿಯಬೇಕಾಗಿಲ್ಲ. ಕುದುರೆಯನ್ನು ಏರುವ ಮೊದಲೇ ದಾರಿಯನ್ನು ಗೊತ್ತುಮಾಡಿಕೊಂಡು, ಏರಿದ ಮೇಲೆ ಆಯ್ಕೆಗಳನ್ನು ಒಂದಕ್ಕೋ ಎರಡಕ್ಕೋ ಇಳಿಸಿರುತ್ತಾನೆ.

ಕುದುರೆಯ ಪಾಲಿಗಾದರೂ ಸಂದಿಗ್ಧವು ದಂಡನೆಗಿಂತ ಕ್ರೂರವಾದದ್ದು. ರಷ್ಯದ ಪಾವ್ಲೊವ್‌ನ ಪ್ರಯೋಗಾಲಯದಲ್ಲಿ ನಾಯಿಯೊಂದಕ್ಕೆ ವೃತ್ತವನ್ನು ಕಂಡರೆ ಆಹಾರ, ದೀರ್ಘವೃತ್ತವನ್ನು ಕಂಡರೆ ಇಲ್ಲ ಎಂದು ಕಲಿಸಿ, ದೀರ್ಘವೃತ್ತವನ್ನು ಕ್ರಮೇಣ ವೃತ್ತಕ್ಕೆ ಸಮೀಪವಾಗಿಸಿದರು. ಎರಡರ ಭೇದವನ್ನು ಗುರುತಿಸಲಾಗದ ಘಟ್ಟದಲ್ಲಿ, ಅದುವರೆಗೆ ಶಾಂತವಾಗಿದ್ದ ನಾಯಿಯು ಅರಚಿ, ಉಪಕರಣಗಳನ್ನು ಕಚ್ಚಿ, ಹಿಂದೆ ಕಲಿತದ್ದನ್ನೂ ಮರೆಯಿತು. ಶರ್ಯತ್ತಿನ ಗಾಡಿಯಲ್ಲಿ ಹಗ್ಗವನ್ನು ಜಗ್ಗುತ್ತಲೇ ಚಬಕವನ್ನು ಬೀಸುವವರಿಗೆ ಈ ವೃತ್ತಾಂತವನ್ನು ಹೇಳಬೇಕೆನಿಸುತ್ತದೆ. ಗೆಲ್ಲುವ ಭರದಲ್ಲಿ ಕೇಳುವ ವ್ಯವಧಾನ ಅವರಿಗೆಲ್ಲಿ! ಕುದುರೆಯನ್ನೂ ಎತ್ತನ್ನೂ ಒಂದೇ ನೊಗಕ್ಕೆ ಹೂಡಿ ಓಡಿಸುವ ಶರ್ಯತ್ತುಗಳಂತೂ, ಭಿನ್ನಸ್ವಭಾವದ ಎರಡು ಪ್ರಾಣಿಗಳಿಗೆ ಒಂದೇ ಕೂಗಿನಲ್ಲಿ ಆಜ್ಞೆ ಕೊಡುವ ಸಾಹಸ. ಅದರಲ್ಲಿ ನನಗೆ ಆನಂದಕ್ಕಿಂತ ಆತಂಕವೇ ಹೆಚ್ಚು.

ವಿಶ್ವಾಸವನ್ನು ಬೆಳೆಸುವ ಬಗೆ ಯಾವುದು? ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆಯೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದನು. ತಾನೇ ಮಾಡಿ ಗೆದ್ದ ಅನುಭವವು ಅವುಗಳಲ್ಲಿ ಪ್ರಬಲವಾದದ್ದು. ತನ್ನಂಥವನೊಬ್ಬನು ಗೆದ್ದದ್ದನ್ನು ಕಾಣುವುದು, ಬಲ್ಲವರ ಮಾತು, ತನ್ನ ದೇಹದ ಸ್ಥಿತಿಯನ್ನು ತಾನು ಅರ್ಥಮಾಡಿಕೊಳ್ಳುವ ರೀತಿ, ಇವು ಉಳಿದವು. ಎದೆ ಹೊಡೆದುಕೊಳ್ಳುವುದನ್ನು ಸೋಲಿನ ಮುನ್ಸೂಚನೆಯೆಂದು ಬಗೆದವನು ಮತ್ತಷ್ಟು ಬಿಗಿಯುತ್ತಾನೆ. ದೇಹವು ಕೆಲಸಕ್ಕೆ ಸಜ್ಜಾಗುತ್ತಿದೆಯೆಂದು ಬಗೆದು ಉಸಿರನ್ನು ನಿಧಾನವಾಗಿ ಹೊರಬಿಟ್ಟವನ ಹೃದಯದ ಬಡಿತವನ್ನು ವೇಗಸ್ ಎಂಬ ನರವೇ ಇಳಿಸಿಕೊಡುತ್ತದೆ, ಆ ಸಡಿಲಿಕೆಯು ಜೀನಿನ ಮೂಲಕ ಕುದುರೆಗೂ ಮುಟ್ಟುತ್ತದೆ.

ಈ ದೃಷ್ಟಿಯಿಂದ ಅಂಕಲಿಯ ಸಂಪ್ರದಾಯವನ್ನು ಪರಿಶೀಲಿಸಿದರೆ, ಯಾವ ಗ್ರಂಥವನ್ನೂ ಓದದೆಯೇ ಅದು ಎಂತಹ ಪಾಠಕ್ರಮವನ್ನು ರೂಪಿಸಿಕೊಂಡಿದೆಯೆಂದು ವಿಸ್ಮಯವಾಗುತ್ತದೆ. ಕುದುರೆಗಳನ್ನು ವಾಹನದಲ್ಲಿ ಹೇರಿ ಒಂದೇ ದಿನದಲ್ಲಿ ಆಳಂದಿಗೆ ಮುಟ್ಟಿಸುವುದು ಇಂದು ಕಷ್ಟವೇನಲ್ಲ. ಹಾಗೆ ಮಾಡಿದ್ದರೆ ಲಾರಿಯ ಕಹಳೆಗೂ, ಸೇತುವೆಯ ಪ್ರತಿಧ್ವನಿಗೂ, ಊರೂರಿನಲ್ಲಿ ಪಾದಮುಟ್ಟಲು ಮುಗಿಬೀಳುವ ಜನಕ್ಕೂ ಕ್ರಮಕ್ರಮವಾಗಿ ಒಗ್ಗಿಕೊಳ್ಳುವ ಆ ಹತ್ತು ಹನ್ನೊಂದು ದಿನಗಳು ಕುದುರೆಗೂ ಸವಾರನಿಗೂ ದೊರೆಯುತ್ತಿರಲಿಲ್ಲ. ಪಾಲಕಿ ಹೊರಟ ಮೇಲೂ ಹಾಗೆಯೇ: ಮೊದಲು ಬರುವುದು ಚಾಂದೋಬಾಚಾ ಲಿಂಬ್ ಎಂಬಲ್ಲಿ ಎರಡು ಸಾಲು ಜನರ ನಡುವೆ ನೇರವಾಗಿ ಓಡುವ ‘ನಿಂತ ರಿಂಗಣ’, ತಿರುವಿನ ತೊಡಕುಳ್ಳ ಗೋಲ ರಿಂಗಣವು ಪುರಂದಾವಡೆಗೆ ಬಂದ ಮೇಲೆ. ಸುಲಭವಾದದ್ದನ್ನು ಮೊದಲು ಗೆಲ್ಲುವುದು, ಕಠಿನವಾದದ್ದನ್ನು ಆಮೇಲೆ ಕೈಗೊಳ್ಳುವುದು.

ಇನ್ನು ಉಳಿದದ್ದು ಬರಿಬೆನ್ನಿನ ಕುದುರೆಯ ವಿಷಯ. ಕುದುರೆಯು ಹಿಂಡಿನ ಪ್ರಾಣಿ. ಓಡುವ ಸಂಗಾತಿಯನ್ನು ಕಂಡರೆ ಜೊತೆಗೂಡುವುದು, ನಿಶ್ಚಿಂತವಾದ ಸಂಗಾತಿಯನ್ನು ಕಂಡರೆ ತಾನೂ ನಿಶ್ಚಿಂತವಾಗುವುದು ಅದರ ಧರ್ಮ. ಎಳೆಯ ಕುದುರೆಯನ್ನು ಗದ್ದಲಕ್ಕೆ ಒಗ್ಗಿಸುವಾಗ ಅನುಭವಿಯಾದ ಹಳೆಯ ಕುದುರೆಯನ್ನು ಮುಂದೆ ನಡೆಸುವ ವಾಡಿಕೆಗೆ ಇದೇ ಆಧಾರ. ಲಗಾಮನ್ನು ಹಿಡಿಯುವ ಕೈಯಿಲ್ಲದ ಆ ಅಶ್ವವು ಸುತ್ತಿನೊಳಗೆ ಹಾದಿತಪ್ಪದೆ ಓಡುವುದಕ್ಕೆ ಮುಂದಿನ ಕುದುರೆಯೇ ಮಾರ್ಗದರ್ಶಿ. ಆ ಕುದುರೆಗೆ ಮಾರ್ಗದರ್ಶಿ ಸವಾರ. ಅವನ ಒಂದು ಕೈಯನ್ನು ಪಟಕೆಯು ಆಕ್ರಮಿಸಿರುವುದರಿಂದ ಲಗಾಮಿಗೆ ಉಳಿಯುವುದು ಇನ್ನೊಂದೇ ಕೈ, ಹೆಚ್ಚಿನ ಮಾತನ್ನೆಲ್ಲ ಅವನು ತನ್ನ ಆಸನದಿಂದಲೂ ಕಾಲುಗಳಿಂದಲೂ ಆಡಬೇಕು. ಅವನು ಅಳುಕಿದರೆ ಎರಡು ಕುದುರೆಗಳು ಅಳುಕುತ್ತವೆ.