ಜೇಡನ ಕಾಲಿನಲ್ಲಿ ಅದರ ಕುಲಗೋತ್ರ

ಹಬ್ಬ ಬಂತೆಂದರೆ ನಮ್ಮ ಗೃಹಿಣಿಯರ ಪೊರಕೆ ಮೊದಲು ಏಳುವುದು ಜೇಡರ ಬಲೆಯ ಮೇಲೆ. ಆ ಜೇಡ ಯಾವ ಜಾತಿಯದೆಂದು ಕೇಳಿದವರುಂಟೆ? ಕೇಳಿದರೂ ಉತ್ತರ ಸುಲಭವಲ್ಲ. ಬಹುಪಾಲು ಜೇಡಗಳಲ್ಲಿ, ಬಲಿತ ಜೀವಿಯ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಶಾಸ್ತ್ರಜ್ಞರು ಜಾತಿ ಹೇಳಬೇಕು. ಮರಿಗಳಿಗೆ ಆ ಗುರುತೇ ಇಲ್ಲ. ಇನ್ನು ನಮ್ಮ ಕಾಡುಗಳ ನೆಫಿಲಾ ಜೇಡದಲ್ಲಿ ಹೆಣ್ಣು ಕಾಲು ಚಾಚಿದರೆ ಅಂಗೈಯಗಲ. ಗಂಡು, ಪಾಪ, ನೊಣದಷ್ಟು! ದಂಪತಿಗಳೆಂದು ಯಾರು ನಂಬಬೇಕು?

2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಒಂದು ಉಪಾಯ ಸೂಚಿಸಿದರು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ಜೀನಿನಿಂದ ಸುಮಾರು 650 ಅಕ್ಷರಗಳಷ್ಟು ಡಿ.ಎನ್.ಎ. ಓದಿದರೆ, ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡಿನಂತೆ ಅದು ಜಾತಿಯನ್ನು ತೋರಿಸುತ್ತದೆ. ಒಂದು ಕಾಲು ಸಾಕು; ಮರಿಯಾದರೇನು, ಗಂಡಾದರೇನು? 2005ರಲ್ಲಿ 168 ಜಾತಿಯ ಜೇಡಗಳನ್ನು ಹೀಗೆ ಪರೀಕ್ಷಿಸಿದಾಗ ಒಂದೇ ಜಾತಿಯೊಳಗಿನ ವ್ಯತ್ಯಾಸ ಸರಾಸರಿ ನೂರಕ್ಕೆ 1.4, ನಿಕಟ ಬಂಧುಜಾತಿಗಳ ನಡುವೆ 16.4.

ಆದರೆ ಯಂತ್ರ ತಾನಾಗಿ ಹೆಸರಿಡಲಾರದು. ಹೋಲಿಸಿ ನೋಡಲು ಭಂಡಾರ ಬೇಕು; ಅದರಲ್ಲಿ ಹಳೆಯ ಸೂಕ್ಷ್ಮದರ್ಶಕದವರೇ ಬಲಿತ ಜೇಡವನ್ನು ಗುರುತಿಸಿ ಹೆಸರು ಬರೆದಿರಬೇಕು. ಹೆಸರು ಪಡೆದ ಜೇಡಜಾತಿಗಳು 2022ರಲ್ಲಿ 50,000 ಮುಟ್ಟಿದವು. ಉಳಿದವುಗಳ ಅಕ್ಷರಗಳು ಸಿಕ್ಕರೂ, ಬಲ್ಲವರೊಬ್ಬರು ನೋಡುವ ತನಕ ಬರಿಯ ಸಂಖ್ಯೆಯ ಕೆಳಗೆ ಕಾದಿರುತ್ತವೆ.