ಸೋದರೀ ಸಂಘಗಳ ಸಂಖ್ಯಾನಿಯಮ

ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ‘ಸೊರೊರಿಟಿ’ ಎಂಬ ವಿದ್ಯಾರ್ಥಿನಿಯರ ಸೋದರೀ ಸಂಘಗಳುಂಟು. ಅವುಗಳ ರಾಷ್ಟ್ರೀಯ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ 1902ರಲ್ಲಿ ಸ್ಥಾಪಿತವಾಯಿತು. ಸಂಘ ಸೇರುವ ಕ್ರಮವನ್ನಷ್ಟೇ ನಾವಿಲ್ಲಿ ವಿವರಿಸುವೆವು.

ಹೊಸ ವಿದ್ಯಾರ್ಥಿನಿಯರು ಹಲವು ಸುತ್ತುಗಳಲ್ಲಿ ಸಂಘಗಳ ಮನೆಗಳಿಗೆ ಹೋಗಿ ಮಾತನಾಡುವರು. ಸುತ್ತು ಸುತ್ತಿಗೂ ಕರೆಯುವ ಮನೆಗಳು ಕಡಿಮೆಯಾಗುವುವು. ಕಡೆಗೆ ಅವರು ತಮಗೊಪ್ಪಿದ ಸಂಘಗಳನ್ನೂ, ಸಂಘಗಳು ತಮಗೆ ಬೇಕಾದವರನ್ನೂ ಕ್ರಮವಾಗಿ ಬರೆದು ಕೊಡಬೇಕು. ಈ ಪಟ್ಟಿಗಳನ್ನು ಗಣಕಯಂತ್ರವು ತಾಳೆ ನೋಡಿ ಹೊಂದಿಸುವುದು, ಜಾತಕಕೂಟವೆಂದರೂ ಸಲ್ಲುವುದು!

ಇಲ್ಲಿ ಮುಖ್ಯವಾದ ಸಂಖ್ಯೆಗಳೆರಡು. ಕಡೆಯ ಸುತ್ತಿನಲ್ಲಿ 1,000 ಮಂದಿ ಉಳಿದು, ಸಂಘಗಳು 20 ಇದ್ದರೆ, ಒಂದೊಂದಕ್ಕೆ ಸುಮಾರು 50 ಮಂದಿ, ಇದು ‘ಕೋಟಾ’. ಹಳಬರೂ ಹೊಸಬರೂ ಕೂಡಿ ಸಂಘವು ಹೊಂದಬಹುದಾದ ಸದಸ್ಯೆಯರ ಮಿತಿಯು ‘ಟೋಟಲ್’. ಈ ಮಿತಿಗಿಂತ ಕಡಿಮೆಯಿರುವ ಸಂಘವು ಅನಂತರವೂ ಸದಸ್ಯೆಯರನ್ನು ಸೇರಿಸಿಕೊಳ್ಳಬಹುದು. ಹೆಸರಾದ ಸಂಘವೊಂದು ಮಿಕ್ಕವುಗಳನ್ನು ಬರಿದು ಮಾಡದಿರಲೆಂದೇ ಈ ಕಟ್ಟಳೆ.

ಆದರೆ ಲೆಕ್ಕವು ಸರಿಯಿದ್ದ ಮಾತ್ರಕ್ಕೆ ಆಯ್ಕೆಯು ನ್ಯಾಯವಾಗದು. ಅಲಬಾಮಾ ವಿಶ್ವವಿದ್ಯಾನಿಲಯದಲ್ಲಿ ಬಿಳಿಯರ ಸಂಘಗಳು ಯೋಗ್ಯಳಾದ ಕರಿಯ ವಿದ್ಯಾರ್ಥಿನಿಯನ್ನು ಬಣ್ಣದ ಕಾರಣದಿಂದ ಕೈಬಿಟ್ಟುದನ್ನು 2013ರಲ್ಲಿ ಅಲ್ಲಿಯ ವಿದ್ಯಾರ್ಥಿ ಪತ್ರಿಕೆಯೇ ಬಯಲಿಗೆಳೆಯಿತು. ಆಯ್ಕೆಯ ಕಾಲ ಮುಗಿದಿದ್ದರೂ ಮತ್ತೆ ಆಹ್ವಾನವೀಯುವಂತೆ ಆಡಳಿತವು ವಿಧಿಸಿತು. ಆ ವರ್ಷವೇ ಹಲವರು ಕರಿಯ ವಿದ್ಯಾರ್ಥಿನಿಯರು ಆ ಸಂಘಗಳ ಸದಸ್ಯೆಯರಾದರು.